ಬಿಡುವ ಹೊತ್ತು

ಹಿಡಿದದ್ದನ್ನು ಬಿಡಬಾರದೆಂದು ನಮಗೆ ಬಾಲ್ಯದಿಂದಲೂ ಹೇಳಿಕೊಟ್ಟವರು ಬಹಳ ಮಂದಿ. ಯಾವಾಗ ಬಿಡಬೇಕೆಂದು ಹೇಳಿಕೊಟ್ಟವರು ವಿರಳ. ತರಗತಿಯಲ್ಲಿ ಛಲವನ್ನು ಕೊಂಡಾಡುವ ಅಧ್ಯಾಪಕರಲ್ಲಿ ನಾನೂ ಒಬ್ಬ. ಆದುದರಿಂದ ಈ ಎರಡನೆಯ ಪಾಠವನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಹಿರೇಹಂದಿಗೋಳದ ನಮ್ಮ ಪಡಸಾಲೆಯಲ್ಲಿ.

ನಮ್ಮ ದೊಡ್ಡಪ್ಪನವರಿಗೂ ಅವರ ದಾಯಾದಿಗಳಿಗೂ ಒಂದು ಬದುವಿನ ಸಲುವಾಗಿ ಹದಿನಾಲ್ಕು ವರ್ಷಗಳಿಂದ ವ್ಯಾಜ್ಯ. ಎರೆಹೊಲದ ನಾಲ್ಕು ಮಾರು ಅಗಲದ ಪಟ್ಟಿ ಅದು. ತಾರೀಖಿಗೆಂದು ಗದಗಿಗೆ ತಿರುಗಿದ ಖರ್ಚು, ವಕೀಲರ ಫೀಜು, ಸಾಕ್ಷಿಗಳ ಊಟ ಇವನ್ನೆಲ್ಲ ಕೂಡಿಸಿದರೆ ಆ ಪಟ್ಟಿಯ ಬೆಲೆಯನ್ನು ಎಂದೋ ಮೀರಿತ್ತು. ಕಳೆದ ಬೇಸಿಗೆಯಲ್ಲಿ ಮತ್ತೆ ಹಣ ಬೇಕಾಯಿತು. ಮೊಮ್ಮಗಳ ಓದಿಗೆಂದು ಕೂಡಿಟ್ಟ ಗಂಟೊಂದೇ ಉಳಿದಿತ್ತು.

"ಈಗ ಬಿಟ್ರ ಇಷ್ಟು ದಿನ ಹಾಕಿದ ರೊಕ್ಕ ನೀರಾಗ ಹೋದ್ಹಂಗ" ಎಂದರು ದೊಡ್ಡಪ್ಪ.

"ಬಿಡಲಿಲ್ಲಂದ್ರ ಆ ರೊಕ್ಕ ಹೊಳ್ಳಿ ಬರತೈತೇನ್ರಿ?" ಎಂದರು ಒಳಗಿನಿಂದ ದೊಡ್ಡಮ್ಮ.

ನನಗೆ ಆಗ ನೆನಪಾದವರು ಮಂಜೇಶ್ವರದ ಗೋವಿಂದ ಪೈಗಳು. ಕನ್ನಡ ಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರವೂ ಒಂದೇ ವ್ಯಂಜನವಾಗಿರಬೇಕೆಂಬುದು ಪ್ರಾಸನಿಯಮ. 9ನೆಯ ಶತಮಾನದ 'ಕವಿರಾಜಮಾರ್ಗ'ದಲ್ಲಿಯೇ ಪ್ರಾಸದ ಚರ್ಚೆಯಿದೆ. ಅಂತಹ ಬಹುಕಾಲದ ಕಟ್ಟನ್ನು ಪೈಗಳು 1911ರಲ್ಲಿ ಬಿಟ್ಟರು. ಪ್ರಾಸ ಒಲಿಯದವರು ಬಿಟ್ಟಿದ್ದರೆ ಅದು ಸೋಲು. ಪೈಗಳು ಪ್ರಾಸವನ್ನು ಬಲ್ಲವರು, ಅದರಲ್ಲಿ ಬರೆದವರು. ಮೊದಲ ಸಾಲಿನಲ್ಲಿ ಬಿದ್ದ ಅಕ್ಷರವೊಂದು ಮುಂದಿನ ಸಾಲುಗಳನ್ನೆಲ್ಲ ಎಳೆದಾಡುವುದನ್ನೂ, ಹೇಳಬೇಕಾದ ಮಾತು ಹಿಂದುಳಿದು ಹೊಂದುವ ಮಾತು ಮುಂದಾಗುವುದನ್ನೂ ಬಲ್ಲವರಿಗೇ ಬಿಡುವ ಅಧಿಕಾರ. ಸಂಪ್ರದಾಯದವರು ಆಕ್ಷೇಪಿಸಿದರು; ಪೈಗಳು ಹಿಂದಿರುಗಲಿಲ್ಲ. ಕ್ರಿಸ್ತನ ಕೊನೆಯ ದಿನದ 'ಗೊಲ್ಗೊಥಾ', ಬುದ್ಧನ ಕೊನೆಯ ದಿನದ 'ವೈಶಾಖಿ' ಮುಂದೆ ಅವರಿಂದಲೇ ಬಂದವು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು.

ಬಿಟ್ಟದ್ದು ವ್ಯರ್ಥವಾಯಿತೆಂದೂ ಅಲ್ಲ. ಓಲೆಯ ಪ್ರತಿಯಲ್ಲಿ ಅಕ್ಷರವೊಂದು ಸಂದೇಹಕ್ಕೆಡೆಯಾದಾಗ ಸರಿಯಾದ ಪಾಠವನ್ನು ತೋರಿಸಿಕೊಡಲು ಇಂದಿಗೂ ಪ್ರಾಸವೇ ನಮಗೆ ನೆರವಾಗುತ್ತದೆ. ಬರೆಯುವ ಕೈಯಿಂದ ಇಳಿದದ್ದು ಓದುವ ಕಣ್ಣಿಗೆ ದೀಪವಾಯಿತು.

ವಾಚಕರೇ, ನಮ್ಮ ಬಾಳಿನಲ್ಲಿಯೂ ಇಂತಹ ಪ್ರಾಸಗಳಿವೆ. ನಿನ್ನೆ ಇಟ್ಟ ಅಕ್ಷರವನ್ನೇ ಇಂದೂ ಇಡಬೇಕೆಂದು ವ್ಯಾಜ್ಯವನ್ನು ನಡೆಸುತ್ತೇವೆ, ನಷ್ಟದ ಅಂಗಡಿಯನ್ನು ತೆರೆಯುತ್ತೇವೆ, ಹಳೆಯ ಮುನಿಸನ್ನು ಕಾಯುತ್ತೇವೆ. ಕಷ್ಟವೆಂಬ ಕಾರಣಕ್ಕೆ ಬಿಡುವುದು ಬೇರೆ: ಮಳೆ ತಡವಾಯಿತೆಂದು ಬಿತ್ತನೆಯನ್ನೇ ಬಿಟ್ಟ ಒಕ್ಕಲಿಗನನ್ನು ಯಾರೂ ಮೆಚ್ಚರು. ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕೆಂದು ನನಗೆ ತೋರುತ್ತದೆ. ಅದನ್ನೇ ದೊಡ್ಡಪ್ಪನವರಿಗೆ ಕೇಳಿದೆ: "ಈ ವ್ಯಾಜ್ಯ ಇಲ್ಲೇ ಇಲ್ಲ ಅಂತ ತಿಳಕೊಳ್ರಿ. ನಾಳೆ ಹೊಸದಾಗಿ ಹೂಡತಿದ್ರೇನು?"

ಅವರು ಬಹಳ ಹೊತ್ತು ಮಾತಾಡಲಿಲ್ಲ. ಎಲೆಗೆ ಸುಣ್ಣ ಹಚ್ಚಿ, ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲಿಯೇ ಇಟ್ಟರು.

ಮುಂದಿನ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಅಲ್ಲಿಯ ತೀರ್ಮಾನ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ತುಂಬಿದ ಕೋರ್ಟ್ ಶುಲ್ಕವೂ ಮರಳುತ್ತದೆ. ಪಟ್ಟಿಯನ್ನು ಎರಡು ಪಾಲು ಮಾಡಿದರು. ಯಾರಿಗೂ ಪೂರ್ತಿ ಜಯವಾಗಲಿಲ್ಲ. ಎರಡು ಮನೆಗಳ ನಡುವೆ ಊಟದ ಕರೆ ಇನ್ನೂ ಆರಂಭವಾಗಿಲ್ಲ. ಮೊಮ್ಮಗಳು ಮಾತ್ರ ಕಾಲೇಜಿಗೆ ಹೋಗುತ್ತಿದ್ದಾಳೆ.

ಮೊನ್ನೆ ನಾನು ಹೊರಟು ನಿಂತಾಗ ದೊಡ್ಡಪ್ಪ ಹೇಳಿದರು: "ಈ ಸಲ ಹೆಸರು ಬಿಡಿಸೂ ಹೊತ್ತಿಗೆ ಗದಗಿಗೆ ಹೋಗೂದು ಇರಲಿಲ್ಲ ನೋಡಪಾ. ಹೊಲದಾಗ ಇದ್ದೆ."