ಬಿಟ್ಟಿ ಚಾಕರಿ ಅಲ್ಲ, ಸರಿ. ಕರೆಂಟ್ ಬಿಲ್ ಯಾರದು?



ಸರ್ಕಾರದಿಂದ ಸಿಕ್ಕಿದ ಲ್ಯಾಪ್‌ಟಾಪ್‌ನಲ್ಲಿ ಅಕ್ಕನ ಮಗ ರಾತ್ರಿಯಿಡೀ ಎಂತದೋ ಓಡಿಸ್ತಿದ್ದ. ಫ್ಯಾನ್ ಗುಂಯ್ ಅಂತಿತ್ತು. "ಎಂತ ಮಾರಾಯ ಇದು?" ಕೇಳಿದೆ. "ಬೋಯಿಂಕ್ ಮಾಮ. ನಾವು ಸುಮ್ಮನಿರುವ ಹೊತ್ತಲ್ಲಿ ನಮ್ಮ ಕಂಪ್ಯೂಟರ್ ವಿಜ್ಞಾನಿಗಳ ಲೆಕ್ಕ ಮಾಡಿಕೊಡ್ತದೆ. ದುಡ್ಡಿಲ್ಲ" ಅಂದ.

ದುಡ್ಡಿಲ್ಲ ಅಂದದ್ದೇ ನನಗೆ ಸಿಟ್ಟು ಬಂತು. ಕೊರಗರ ಅಜಲು ನಿಲ್ಲಿಸಲಿಕ್ಕೆ 2000ದಲ್ಲಿ ಕಾನೂನೇ ಬರಬೇಕಾದ ಜಿಲ್ಲೆ ನಮ್ಮದು. ಬಿಟ್ಟಿ ಚಾಕರಿ ಅಂದರೆ ಏನೆಂದು ನಮಗೆ ಯಾರೂ ಪಾಠ ಮಾಡಬೇಕಿಲ್ಲ. ಆದರೂ ಬೈಯುವ ಮೊದಲು ಓದಿ ನೋಡುವ ಅಂತ ಒಂದು ವಾರ ಕೂತೆ.

ನರಿಕೊಂಬಿನವರಿಗೆ ಇದನ್ನು ಬೀಡಿಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಬ್ರಾಂಚ್‌ನಿಂದ ಎಲೆ, ಹೊಗೆಸೊಪ್ಪು ತರುವುದು, ಮನೆಯಲ್ಲಿ ಕಟ್ಟುವುದು, ವಾಪಸು ಕೊಡುವುದು. ಇಲ್ಲಿಯೂ ದೊಡ್ಡ ಲೆಕ್ಕವನ್ನು ಚೂರು ಚೂರು ಮಾಡಿ ಸರ್ವರ್ ಮನೆಮನೆಗೆ ಕಳಿಸುತ್ತದೆ, ಉತ್ತರ ವಾಪಸು ಪಡೆಯುತ್ತದೆ. ಬೀಡಿ ತಿರಸ್ಕಾರ ಆದಾಗ ಅಮ್ಮನಿಗೆ ಕಾರಣ ಹೇಳಿದವರಿಲ್ಲ. ಬೋಯಿಂಕ್‌ನಲ್ಲಿ ಸಾಮಾನ್ಯವಾಗಿ ಒಂದೇ ಚೂರನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತಾರೆ. ಆ ನಿಯಮ ಬರೆದ ಕೋಡ್ ಓಪನ್ ಸೋರ್ಸ್. ಅಂದರೆ ಯಾರೂ ಓದಬಹುದು, ತಿದ್ದಬಹುದು. ಬೇಡ ಅನಿಸಿದರೆ ಒಂದು ಬಟನ್ ಒತ್ತಿ ನಿಲ್ಲಿಸಬಹುದು. ಅಜಲಿನಲ್ಲಿ ಆ ಬಟನ್ ಇರಲಿಲ್ಲ. ನನ್ನ ಸಿಟ್ಟು ಅರ್ಧ ಇಳಿದದ್ದು ಇಲ್ಲಿ.

ಶುರು ಮಾಡಿದ್ದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಆಂಡರ್ಸನ್, 2002ರಲ್ಲಿ. ಅದಕ್ಕೂ ಮೊದಲು 1999ರಿಂದ ಸೆಟಿ ಅಟ್ ಹೋಮ್ ಅಂತ ಇತ್ತು, ಅನ್ಯಗ್ರಹದ ಸದ್ದು ಹುಡುಕುವುದು. ನಮ್ಮ ಕೇರಿಯ ಸದ್ದೇ ಪಂಚಾಯತಿಗೆ ಕೇಳುವುದಿಲ್ಲ, ಅದಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಟಿಬಿ. ವರ್ಲ್ಡ್ ಕಮ್ಯುನಿಟಿ ಗ್ರಿಡ್ ಎಂಬಲ್ಲಿ 2016ರಲ್ಲಿ ಟಿಬಿ ರೋಗಾಣುವಿನ ಹೊರಕವಚದ ಬಗ್ಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರ ಲೆಕ್ಕ ಶುರುವಾಯಿತು. ಬೀಡಿ ಕಟ್ಟುತ್ತಲೇ ಕೆಮ್ಮುತ್ತಿದ್ದ ಅಮ್ಮ ಆರು ತಿಂಗಳು ಮಾತ್ರೆ ನುಂಗಿದ್ದು ನೆನಪಾಯಿತು. ಆ ಗ್ರಿಡ್‌ನಲ್ಲಿ ಬಂದ ಫಲಿತಾಂಶ ಸಾರ್ವಜನಿಕರಿಗೆ ಸಿಗಬೇಕು ಅಂತ ಷರತ್ತು ಉಂಟು. ಎಲ್ಲ ಕಡೆ ಹಾಗಿಲ್ಲ. ಬೋಯಿಂಕ್ ತೆರೆದದ್ದಾದರೂ ಅದರೊಳಗೆ ಓಡುವ ಪ್ರತಿ ಯೋಜನೆಯ ಪ್ರೋಗ್ರಾಂ ತೆರೆದದ್ದು ಅಂತ ಅಲ್ಲ. ಸೇರುವ ಮೊದಲು ಕೇಳಿ: ಯಾರ ಲೆಕ್ಕ, ಫಲ ಯಾರಿಗೆ?

ಉಳಿದ ಅರ್ಧ ಸಿಟ್ಟು ಹಾಗೇ ಉಂಟು. ಇದನ್ನು "ದಾನ" ಅನ್ನುತ್ತಾರೆ. ದಾನ ಮಾಡುವವನ ಮನೆಯ ಮೀಟರ್ ನೋಡಿದವರು ಯಾರು? 50 ವ್ಯಾಟ್‌ನ ಲ್ಯಾಪ್‌ಟಾಪ್ ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 15 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ಅಂತ ಬೋರ್ಡ್ ಇದ್ದರೂ ನಮ್ಮಂಥವರಿಗೆ ಸಿಗುವುದು ಹಿಂದಿನ ಸರಾಸರಿ, ಅದರ ಮೇಲೆ ಚೂರು. ಎರಡು ಬಲ್ಬಿನ ಮನೆಗೆ ಆ ಚೂರು ಎಷ್ಟು? ಜಾಸ್ತಿ ಉರಿಸಿದ್ದಕ್ಕೆ ಬಿಲ್ ಬರ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ಕಾಲೇಜು ಲ್ಯಾಬುಗಳಲ್ಲಿ, ನಮ್ಮಂಥ ಆಫೀಸುಗಳಲ್ಲಿ ಸುಮ್ಮನೆ ಉರಿಯುವ ಕಂಪ್ಯೂಟರ್‌ಗಳು ಮೊದಲು ಸೇರಲಿ, ಕೇರಿಯ ಹುಡುಗನ ಲ್ಯಾಪ್‌ಟಾಪ್ ಆಮೇಲೆ. ಸರ್ವರ್‌ನ ಸಾಫ್ಟ್‌ವೇರ್ ಕೂಡ ಉಚಿತ, ಕೊಣಾಜೆಯ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ನಮ್ಮ ರೋಗಗಳ ಲೆಕ್ಕವನ್ನು ನಮ್ಮವರೇ ಇಲ್ಲಿಂದ ಹಂಚಬಹುದು.

ಅಳಿಯನಿಗೆ ನಿಲ್ಲಿಸು ಅನ್ನಲಿಲ್ಲ. ಅರ್ಧ ಪ್ರೊಸೆಸರ್, ರಾತ್ರಿ ಮೂರೇ ಗಂಟೆ ಅಂತ ಸೆಟ್ಟಿಂಗ್ ಹಾಕಿಸಿದ್ದೇನೆ. ಮುಂದಿನ ಬಿಲ್ ಬಂದ ಮೇಲೆ ಯೂನಿಟ್ ಎಷ್ಟಾಯ್ತು ಅಂತ ಇಲ್ಲೇ ಹಾಕ್ತೇನೆ.