ಪಾರ್ಟ್ ಬದಲಿಸುವುದೇ ರಿಪೇರಿಯಲ್ಲ

‘ಸೆಲ್ಫ್ ಹೊಡೀತಿಲ್ಲ’ ಎಂದು ಬರುವ ಕಾರಿಗೆ ಅನೇಕ ಗ್ಯಾರೇಜುಗಳಲ್ಲಿ ಸಿಗುವ ಮೊದಲ ಉತ್ತರ: ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ’. ಹೊಸದು ಹಾಕಿದ ಎರಡೇ ದಿನಕ್ಕೆ ಮತ್ತೆ ನಿಂತರೆ, ‘ಡೈನಮೊ ಬದಲಿಸಬೇಕು’. ಬಾಡಿಗೆ ಓಡಿಸಿ ಸಾಲ ತೀರಿಸುವ ಚಾಲಕನಿಗೆ ಈ ಎರಡು ಉತ್ತರಗಳ ನಡುವೆ ಕಂತಿನ ಹಣವೇ ಕರಗಿಹೋಗುತ್ತದೆ.

ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಗ್ಯಾರೇಜಿನಲ್ಲಿ ದುಡಿಯುತ್ತಿರುವ ನನಗೆ ಇದು ಮೋಸಕ್ಕಿಂತ ಹೆಚ್ಚಾಗಿ ಕಲಿಕೆಯ ಕೊರತೆ ಎನಿಸುತ್ತದೆ. ಆಲ್ಟರ್ನೇಟರ್ ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ನಮಗೆ ಅಂಕ ಸಿಗುತ್ತಿತ್ತು. ಕೆಟ್ಟ ಕಾರೊಂದನ್ನು ನಿಲ್ಲಿಸಿ ‘ದೋಷ ಎಲ್ಲಿದೆ ಹುಡುಕು’ ಎಂದು ಮೂರು ವರ್ಷದಲ್ಲಿ ಯಾರೂ ಕೇಳಲಿಲ್ಲ.

ಹುಡುಕಲು ಬೇಕಾದದ್ದು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್. ಪೂರ್ತಿ ಚಾರ್ಜ್ ಆದ ಬ್ಯಾಟರಿ, ಕೆಲವು ಗಂಟೆ ಸುಮ್ಮನೆ ಬಿಟ್ಟ ಮೇಲೆ, ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದು, ಹೆಡ್‌ಲೈಟ್ ಹಾಕಿದೊಡನೆ ಇನ್ನೂ ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ ಎಂದರ್ಥ. (ಕಂಪ್ಯೂಟರ್ ನಿಯಂತ್ರಿತ ಹೊಸ ಕಾರುಗಳಲ್ಲಿ ವೋಲ್ಟೇಜ್ ಬೇಕೆಂದೇ ಏರಿಳಿಯುತ್ತದೆ, ಮ್ಯಾನುಯಲ್ ನೋಡಬೇಕು.)

ಆಗಲೂ ಡೈನಮೊ ಬಿಚ್ಚುವ ಅವಸರ ಬೇಡ. ಬೆಲ್ಟ್ ಸಡಿಲವಾಗಿದೆಯೇ? ಟರ್ಮಿನಲ್ ಮೇಲೆ ಪುಡಿ ಕಟ್ಟಿದೆಯೇ? ಫ್ಯೂಸ್ ಸುಟ್ಟಿದೆಯೇ? ಕೀ ಆನ್ ಮಾಡಿದಾಗ ಬ್ಯಾಟರಿ ದೀಪ ಹತ್ತುತ್ತದೆಯೇ? ಹಳೆಯ ಹಲವು ಕಾರುಗಳಲ್ಲಿ ಆಲ್ಟರ್ನೇಟರ್‌ಗೆ ಮೊದಲ ಕರೆಂಟ್ ಹೋಗುವುದೇ ಈ ದೀಪದ ಮೂಲಕ. ಆ ಪುಟ್ಟ ಬಲ್ಬ್ ಸುಟ್ಟರೂ ಚಾರ್ಜಿಂಗ್ ನಿಲ್ಲಬಹುದು.

ನಂತರ ಎಂಜಿನ್ ಓಡುತ್ತಿರುವಾಗಲೇ ಲೈಟ್ ಹಾಕಿ, ಮೀಟರಿನ ಒಂದು ತುದಿಯನ್ನು ಡೈನಮೊದ ದಪ್ಪ ವೈರ್ ಕೂರುವ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ದೋಷ ವೈರಿನಲ್ಲಿ ಅಥವಾ ಅದರ ಜೋಡಣೆಯಲ್ಲಿ. ಡೈನಮೊ ಮೈಯಿಂದ ಮೈನಸ್‌ವರೆಗೂ ಹೀಗೆಯೇ ನೋಡಿ. ಅರ್ತ್ ವೈರಿನ ತುಕ್ಕು ಉಜ್ಜಿ ಬಿಗಿ ಮಾಡಿದಷ್ಟಕ್ಕೇ ಸರಿಹೋದ ಕಾರುಗಳನ್ನು ನಾನು ಕಂಡಿದ್ದೇನೆ. ಇವೆಲ್ಲ ಸರಿಯಿದ್ದರೆ ಮಾತ್ರ ಡೈನಮೊ ಬಿಚ್ಚಬೇಕು. ಅಲ್ಲಿಯೂ ಬ್ರಷ್ ಅಥವಾ ರೆಗ್ಯುಲೇಟರ್ ಮಾತ್ರ ಬದಲಿಸಿದರೆ ಸಾಕಾಗುವುದುಂಟು.

ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಳಚಿ ನೋಡುವ ಹಳೆಯ ವಿಧಾನ ಮಾತ್ರ ಖಂಡಿತ ಬೇಡ. ಆಗ ವೋಲ್ಟೇಜ್ ದಿಢೀರನೆ ಏರಿ ಕಾರಿನ ಕಂಪ್ಯೂಟರೇ ಸುಟ್ಟುಹೋಗಬಹುದು.

ಪ್ರಾಯೋಗಿಕ ಪರೀಕ್ಷೆಯಲ್ಲಿ ಚಿತ್ರದ ಜೊತೆ ಒಂದು ಕೆಟ್ಟ ಕಾರನ್ನೂ ಇಡಲಿ. ಕಾಲೇಜಿನಲ್ಲಿರುವ ಕಾರಿನ ಫ್ಯೂಸ್ ಒಂದನ್ನು ತೆಗೆದಿಟ್ಟರೂ ಪರೀಕ್ಷೆ ಸಿದ್ಧ. ಅದಕ್ಕೆ ಅನುದಾನವೇನೂ ಬೇಕಿಲ್ಲ. ಕೆಲಸ ಹುಡುಕುತ್ತಿರುವ ಗೆಳೆಯರು ಅಲ್ಲಿಯವರೆಗೆ ಕಾಯಬೇಕಿಲ್ಲ. ಒಂದು ಮೀಟರ್ ಕೊಳ್ಳಿ, ಪರಿಚಯದವರ ಗಾಡಿಗಳನ್ನು ಅಳೆದು ಬರೆದಿಡಿ. ಸಂದರ್ಶನದಲ್ಲಿ ‘ಚಾರ್ಜ್ ಆಗುತ್ತಿಲ್ಲ, ಏನು ಮಾಡುತ್ತೀರಿ?’ ಎಂದು ಕೇಳಿದಾಗ ‘ಬದಲಿಸುತ್ತೇನೆ’ ಎನ್ನುವವನಿಗಿಂತ ‘ಮೊದಲು ಅಳೆಯುತ್ತೇನೆ’ ಎನ್ನುವವನಿಗೆ ಬೆಲೆ ಹೆಚ್ಚು.