ಹಲ್ಲುನೋವಿಗಿಂತ ದೊಡ್ಡದಾದ ಭಯ



ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯ ಸಹೋದರಿಯೊಬ್ಬರು ನನಗೆ ಪರಿಚಿತರು. ನಗು ಬಂದಾಗಲೆಲ್ಲ ಅವರ ದುಪಟ್ಟಾ ಬಾಯಿಗೆ ಅಡ್ಡ ಹೋಗುತ್ತದೆ. ಮದುವೆ ಮನೆಯಲ್ಲಿ ಬಿರಿಯಾನಿ ಬಡಿಸಿದರೆ ಅನ್ನವನ್ನಷ್ಟೇ ತಿಂದು ಮಾಂಸವನ್ನು ಬದಿಗಿಡುತ್ತಾರೆ. ಕಾರಣ ಕೇಳಿದಾಗ, "ಆಪಾ, ಎರಡು ವರ್ಷದಿಂದ ದವಡೆ ಹಲ್ಲು ನೋಯುತ್ತಿದೆ. ಚಳ್ಳಕೆರೆಗೆ ಎರಡು ಸಲ ಹೋಗಿ ದವಾಖಾನೆಯ ಬಾಗಿಲಿನಿಂದಲೇ ವಾಪಸ್ ಬಂದೆ. ಸೂಜಿ ನೆನೆದರೆ ಕೈಕಾಲು ನಡುಗುತ್ತದೆ. ಈ ಕಂದು ಹಲ್ಲು ನೋಡಿ ಡಾಕ್ಟರ್ ಏನೆಂದುಕೊಂಡಾರೋ" ಎಂದರು.

ಇದು ಅವರೊಬ್ಬರ ಕತೆಯಲ್ಲ. ಅಮೆರಿಕದ ನಾರ್ಮನ್ ಕೋರಾ ಎಂಬವರು 1969ರಲ್ಲಿ ಈ ಭಯವನ್ನು ಅಳೆಯಲು ನಾಲ್ಕು ಪ್ರಶ್ನೆಗಳನ್ನು ಸಿದ್ಧಪಡಿಸಿದರು. ನಾಳೆ ದಂತವೈದ್ಯರ ಬಳಿ ಹೋಗಬೇಕೆಂದರೆ ಹೇಗನಿಸುತ್ತದೆ? ಸರದಿಗೆ ಕಾಯುವಾಗ? ಕುರ್ಚಿಯಲ್ಲಿ ಕುಳಿತು ಯಂತ್ರ ಸಿದ್ಧವಾಗುವುದನ್ನು ನೋಡುವಾಗ? ಹಲ್ಲು ಸ್ವಚ್ಛ ಮಾಡುವ ಸಲಕರಣೆ ಕೈಗೆತ್ತಿಕೊಂಡಾಗ? ನೀವೂ ಕೇಳಿಕೊಳ್ಳಿ. ಈ ಭಯ ಹೇಡಿತನವಲ್ಲ. ಆದರೆ ಅದು ಒಂದು ಸುಳಿ. ಭಯದಿಂದ ಹೋಗುವುದಿಲ್ಲ, ಹೋಗದ್ದರಿಂದ ಹುಳುಕು ಹೆಚ್ಚುತ್ತದೆ, ಹುಳುಕಿನಿಂದ ನಾಚಿಕೆ, ನಾಚಿಕೆಯಿಂದ ಮತ್ತಷ್ಟು ಭಯ. ಕೊನೆಗೆ ಊಟ, ನಿದ್ದೆ, ನಗು, ನಾಲ್ಕು ಜನರ ನಡುವಿನ ಮಾತು ಎಲ್ಲವೂ ಕಡಿಮೆಯಾಗುತ್ತವೆ. ಸಿಹಿಮೂತ್ರ ಇರುವವರಲ್ಲಿ ಒಸಡಿನ ಸೋಂಕು ಸಕ್ಕರೆಯ ಹತೋಟಿಯನ್ನೂ ಕೆಡಿಸುತ್ತದೆ.

ನಮ್ಮ ಭಾಗದಲ್ಲಿ ನಾಚಿಕೆಗೆ ಇನ್ನೊಂದು ಕಾರಣವಿದೆ. ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬೇರೆ ನೀರೇ ಇಲ್ಲದಿದ್ದಾಗಲೂ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಉಳಿಯುತ್ತದೆ. ಅದು ಕೊಳಕಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಈ ಭಾಗದ ದಂತವೈದ್ಯರಿಗೆ ಅದು ದಿನನಿತ್ಯದ ನೋಟ. ಹಾಗಿರುವಾಗ ನಾಚಿಕೆ ಏಕೆ? ನಿಮ್ಮ ಪುಟ್ಟ ಮಕ್ಕಳಿಗಾದರೂ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಕೊಡಿ.

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂದು ಅಜ್ಜಿಯರು ಹೇಳುವುದುಂಟು. ಇದು ತಪ್ಪು. ಕಣ್ಣಿನ ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ನೋವಿಗೆಂದು ನಶ್ಯ, ಹೊಗೆಸೊಪ್ಪು ಒತ್ತಿಡುವುದೂ ಬೇಡ. ಅದು ನೋವನ್ನು ಮರೆಸುತ್ತದೆ, ಹುಳುಕನ್ನು ಬೆಳೆಸುತ್ತದೆ. ಬಾಯಿಯ ಕ್ಯಾನ್ಸರಿಗೂ ದಾರಿ ಮಾಡುತ್ತದೆ.

ರಮಝಾನ್‌ನಲ್ಲಿ ಉಪವಾಸ ಮುರಿಯುತ್ತದೆಂದು ಹೆದರಿ ತಿಂಗಳಿಡೀ ನರಳುವವರಿದ್ದಾರೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ 1997ರಲ್ಲಿ ನೀಡಿದ ತೀರ್ಮಾನದಂತೆ, ಗಂಟಲಿಗೆ ಏನೂ ಇಳಿಯದಂತೆ ಎಚ್ಚರ ವಹಿಸಿದರೆ ಹಲ್ಲು ಕೊರೆಸುವುದು, ಕೀಳಿಸುವುದು, ಸ್ವಚ್ಛ ಮಾಡಿಸುವುದರಿಂದ ಉಪವಾಸ ಮುರಿಯುವುದಿಲ್ಲ. ಸಂಶಯವಿದ್ದರೆ ನಿಮ್ಮೂರಿನ ಉಲಮಾರನ್ನು ಕೇಳಿ, ಇಲ್ಲವೇ ಇಫ್ತಾರ್ ನಂತರದ ಸಮಯ ಕೇಳಿಕೊಳ್ಳಿ. ಗರ್ಭಿಣಿಯರೂ ವಿಷಯ ತಿಳಿಸಿ ಚಿಕಿತ್ಸೆ ಪಡೆಯಬಹುದು.

ಹೋಗುವುದು ಹೇಗೆ? ಮೊದಲ ದಿನ ಬರೀ ತೋರಿಸಿ ಬನ್ನಿ. "ನನಗೆ ಭಯವಿದೆ" ಎಂದು ಮೊದಲೇ ಹೇಳಿಬಿಡಿ. ಕೈ ಎತ್ತಿದರೆ ನಿಲ್ಲಿಸಬೇಕೆಂದು ಮಾತಾಡಿಕೊಳ್ಳಿ. ಸೂಜಿಗೆ ಮುಂಚೆ ಒಸಡಿಗೆ ಮರಗಟ್ಟಿಸುವ ಮುಲಾಮು ಹಚ್ಚಲು ಕೇಳಿ. ಪತಿಯನ್ನೋ ಸಹೋದರಿಯನ್ನೋ ಜೊತೆಗೆ ಕರೆದೊಯ್ಯಿರಿ. ಮಹಿಳಾ ವೈದ್ಯರೇ ಬೇಕೆಂದರೆ ಚಿತ್ರದುರ್ಗದ ಎಸ್‌ಜೆಎಂ ಅಥವಾ ದಾವಣಗೆರೆಯ ಬಾಪೂಜಿ ದಂತ ಕಾಲೇಜಿನಲ್ಲಿ ವಿಚಾರಿಸಿ.

ಸಮುದಾಯಕ್ಕೆ ಹೊರೆಯಾಗದಿದ್ದರೆ ಪ್ರತಿ ನಮಾಝ್‌ಗೂ ಮಿಸ್ವಾಕ್ ಕಡ್ಡಾಯ ಮಾಡುತ್ತಿದ್ದೆನೆಂದು ಪ್ರವಾದಿ(ಸ)ರು ಹೇಳಿದ್ದು ನಮಗೆಲ್ಲ ತಿಳಿದಿದೆ. ಚಿಕಿತ್ಸೆ ಮಾಡಿಸಿಕೊಳ್ಳಿರೆಂದೂ ಅವರೇ ಕಲಿಸಿದ್ದಾರೆ. ಮಿಸ್ವಾಕ್ ಹಿಡಿದ ನಾವು ಚಿಕಿತ್ಸೆಯನ್ನು ಬಿಡುವುದು ಸರಿಯೇ?

ಆ ಸಹೋದರಿಯೊಂದಿಗೆ ಮೂರನೆಯ ಸಲ ನಾನೇ ಬಸ್ ಹತ್ತಿದೆ. ಹಲ್ಲು ಉಳಿಸಲಾಗಲಿಲ್ಲ, ಕೀಳಬೇಕಾಯಿತು. ಹೊರಬಂದು, "ಇಷ್ಟೇನಾ ಆಪಾ? ಇದಕ್ಕಾ ಎರಡು ವರ್ಷ ಹೆದರಿದ್ದು?" ಎಂದರು. ಮೊದಲೇ ಹೋಗಿದ್ದರೆ ಹಲ್ಲೂ ಉಳಿಯುತ್ತಿತ್ತೇನೋ. ನೀವು ತಡಮಾಡಬೇಡಿ. ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯ ನೀಡಲಿ, ಆಮೀನ್.